ಪ್ರಾಗ್‌ನ ಬ್ಲೂಗ್ರಾಸ್ ಜಾಮ್‌ಗೆ ಬ್ಯಾಂಜೊನಾ, ಮ್ಯಾಂಡೊಲಿನ್ನಾ?

ಜಾಮ್ ಅಂದರೆ ಪಬ್ಬಿನಲ್ಲಿ ಸುತ್ತ ಕೂತು ಎಲ್ಲರೂ ಸೇರಿ ನುಡಿಸುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮ್ಯಾಂಡೊಲಿನ್‌ಗೆ. ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತ) ಅಂದ ಕೂಡಲೇ ಕಣ್ಮುಂದೆ ಬರುವುದು ಬ್ಯಾಂಜೊ, ನಿಜ. ಆದರೆ ಯಾರ ತಂಡದಿಂದ ಈ ಸಂಗೀತಕ್ಕೆ ಹೆಸರು ಬಂತೋ, ಆ ಬಿಲ್ ಮನ್ರೊ ನುಡಿಸುತ್ತಿದ್ದದ್ದು ಮ್ಯಾಂಡೊಲಿನ್.

ಪ್ರಾಗ್‌ನಲ್ಲಿದ್ದುಕೊಂಡು ಬ್ಯಾಂಜೊ ಬೇಡ ಅನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು. 1964ರಲ್ಲಿ ಅಮೆರಿಕದ ಜಾನಪದ ಗಾಯಕ, ಬ್ಯಾಂಜೊ ವಾದಕ ಪೀಟ್ ಸೀಗರ್ ಇಲ್ಲಿಗೆ ಬಂದು ಹಾಡಿಹೋದ ಮೇಲೆ ಚೆಕ್ ವಾದಕ ಮಾರ್ಕೊ ಚೆರ್ಮಾಕ್ ಅವರು ಬರೀ ಫೋಟೊ ನೋಡಿಕೊಂಡೇ ಐದು ತಂತಿಯ ಬ್ಯಾಂಜೊ ಕಟ್ಟಿದರು. 1972ರಲ್ಲಿ ಬ್ಯಾಂಜೊ ಜಂಬೋರಿ ಉತ್ಸವ ಶುರುವಾಯಿತು. ಇಲ್ಲಿನ ಪ್ರೂಖಾ ಬ್ಯಾಂಜೊಗಳನ್ನು ಅಮೆರಿಕದ ಕಲಾವಿದರೂ ನುಡಿಸುತ್ತಾರೆ. ಹೀಗಾಗಿ ಪಬ್ಬಿನ ಜಾಮ್‌ನಲ್ಲಿ ಬ್ಯಾಂಜೊ ಹಿಡಿದವರೇ ಜಾಸ್ತಿ. ಮೂರು ಒಟ್ಟಿಗೆ ಶುರುವಾದರೆ ಹಾಡುವವರ ದನಿಯೇ ಕೇಳಿಸದು. ಸರದಿ ಕಾಯಬೇಕು.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಓಪನ್ ಬ್ಯಾಕ್ ಬ್ಯಾಂಜೊ, ಅಂದರೆ ಹಿಂಬದಿ ತೆರೆದದ್ದು. 'ಜಾಮ್‌ಗೆ ಇದು ಧಾರಾಳ ಸಾಕು' ಅಂದಿದ್ದ ಅಂಗಡಿಯವನು. ಹಗುರ, ದನಿಯೂ ಮೆತ್ತಗೆ. ತಕರಾರು ತೆಗೆದದ್ದು ಐದನೇ ತಂತಿ.

ಬ್ಯಾಂಜೊದ ಶ್ರುತಿ ಜಿ. ಅದನ್ನು ಏರಿಸಲು ದಂಡಿಯ ಅಡ್ಡಪಟ್ಟಿಗಳ (ಫ್ರೆಟ್) ಹತ್ತಿರ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪೇ ಕೇಪೊ. ಹಾಡುವವರು ಎ ಶ್ರುತಿ ಅಂದರೆ ಎರಡನೇ ಫ್ರೆಟ್‌ಗೆ ಕೇಪೊ, ಬಿ ಅಂದರೆ ನಾಲ್ಕನೆಯದಕ್ಕೆ. ನಾಲ್ಕು ತಂತಿಗಳ ಕಥೆ ಅಲ್ಲಿಗೆ ಮುಗಿಯಿತು. ಐದನೆಯದು ಹೊರಡುವುದೇ ದಂಡಿಯ ಮಧ್ಯದಿಂದ, ಐದನೇ ಫ್ರೆಟ್ ಹತ್ತಿರದಿಂದ. ಕೇಪೊ ಅದನ್ನು ಮುಟ್ಟುವುದಿಲ್ಲ. ಅದಕ್ಕೆಂದೇ ಏಳು ಮತ್ತು ಒಂಬತ್ತನೇ ಫ್ರೆಟ್ ಹತ್ತಿರ ಪುಟ್ಟ ಮೊಳೆ ಹೊಡೆದಿರುತ್ತಾರೆ, ಆಟಿಕೆ ರೈಲಿನ ಹಳಿಗೆ ಹೊಡೆಯುವಂಥದ್ದು. ತಂತಿಯನ್ನು ಅದರ ಕೆಳಗೆ ಸಿಕ್ಕಿಸಿದರೆ ಶ್ರುತಿ ಏರುತ್ತದೆ. ನನ್ನ ಬ್ಯಾಂಜೊಗೆ ಮೊಳೆಯೇ ಇರಲಿಲ್ಲ! ಬಿರಡೆ ತಿರುಗಿಸಿಯೇ ಏರಿಸಬೇಕು. ಎ ತನಕ ಹೇಗೋ ಬರುತ್ತಿತ್ತು. ಬಿ ಅಂದರೆ ಟಪ್, ತಂತಿ ಹೋಯಿತು.

ಸುತ್ತ ಕೂತವರು ಪಾಪ ಬೈಯುವುದಿಲ್ಲ, ಬಿಯರ್ ಕುಡಿಯುತ್ತಾ ಕಾಯುತ್ತಾರೆ. ಮುಂದಿನ ಹಾಡು ಮತ್ತೆ ಜಿ, ಇಳಿಸು. ಅದರ ಮುಂದಿನದು ಎ, ಏರಿಸು. ಚಳಿಗಾಲದಲ್ಲಿ ಟ್ರಾಮ್ ಇಳಿದು ಬೆಚ್ಚಗಿನ ಪಬ್ಬಿಗೆ ಕಾಲಿಟ್ಟರೆ ಉಳಿದ ನಾಲ್ಕು ತಂತಿಗಳ ಶ್ರುತಿಯೂ ಜರುಗಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಮೊಳೆ ಹಾಕಿಸಬಹುದಿತ್ತಲ್ವಾ ಅಂತೀರಿ. ಹಾಕಿಸಿದೆ. (ಬಲ್ಲವರ ಹತ್ತಿರವೇ ಹಾಕಿಸಿ, ಸುಮ್ನೆ ಸುತ್ತಿಗೆ ಹಿಡಿದರೆ ದಂಡಿ ಸೀಳಬಹುದು.) ಆದರೂ ಸಿಕ್ಕಿಸಿದ ತಂತಿ ಒಂದು ಕೂದಲೆಳೆ ಜಾಸ್ತಿಯೇ ಏರುತ್ತದೆ. ಮತ್ತೆ ಬಿರಡೆಗೇ ಕೈ.

ಗೆಳೆಯನ ರೆಸೊನೇಟರ್ ಬ್ಯಾಂಜೊವನ್ನೂ (ಹಿಂಬದಿಗೆ ಮರದ ಮುಚ್ಚಳ ಇರುವಂಥದ್ದು) ಕೆಲವು ವಾರ ನುಡಿಸಿ ನೋಡಿದೆ. ಬ್ಲೂಗ್ರಾಸ್ ಬ್ಯಾಂಜೊದ ದಿಗ್ಗಜ ಅರ್ಲ್ ಸ್ಕ್ರಗ್ಸ್ ಥರದ ಖಣಖಣ ದನಿ ಬೇಕಿದ್ದರೆ ಅದೇ ಸರಿ. ಆದರೆ ಪೆಟ್ಟಿಗೆ ಸಮೇತ ಹೊತ್ತರೆ ಭುಜ ಬಿದ್ದುಹೋಗುತ್ತದೆ. ಇಲ್ಲಿ ರಾತ್ರಿ 10ರ ಮೇಲೆ ಗಲಾಟೆ ಮಾಡುವ ಹಾಗಿಲ್ಲ, ನಾನು ಊಟ ಮುಗಿಸಿ ಅಭ್ಯಾಸಕ್ಕೆ ಕೂರುವುದೇ ಒಂಬತ್ತೂವರೆಗೆ.

ಗಿಟಾರ್ ಎಲ್ಲರೂ ತರುತ್ತಾರೆ, ಬಿಡಿ.

ಮ್ಯಾಂಡೊಲಿನ್‌ಗೆ ಕೇಪೊ ಗೊಡವೆಯೇ ಇಲ್ಲ. ಬಿ ಅಂದರೆ ಅದೇ ಬೆರಳ ಹಿಡಿತವನ್ನು ಮೇಲಕ್ಕೆ ಜರುಗಿಸಿದರಾಯಿತು. ಈ ಸಂಗೀತದಲ್ಲಿ ಡ್ರಮ್ ಇರುವುದು ಅಪರೂಪ. ಬಾಸ್ 'ದುಂ' ಅಂದ ಮೇಲೆ 'ಚಕ್' ಅನ್ನುವುದು ಮ್ಯಾಂಡೊಲಿನ್ ಕೆಲಸ. ತಂತಿಗೆ ಹೊಡೆದ ಮರುಕ್ಷಣ ಎಡಗೈ ಬೆರಳು ಸಡಿಲಿಸಬೇಕು, ದನಿ ಅಲ್ಲೇ ಕತ್ತರಿಸಿದಂತೆ ನಿಲ್ಲುತ್ತದೆ. ಈ ಚಾಪ್ ಒಂದು ಕೈಗೆ ಬಂದರೆ ಇಡೀ ಸಂಜೆ ಕೂರಬಹುದು. ಅರ್ಧ ಹಾಡುಗಳು ಚೆಕ್ ಭಾಷೆಯಲ್ಲಿರುತ್ತವೆ. ಮಾತು ತಿಳಿಯದಿದ್ದರೂ ಸ್ವರ ಬದಲಾಗುವ ಜಾಗ ತಿಳಿಯುತ್ತದೆ.

ತೊಂದರೆ ಇಲ್ಲದೇ ಇಲ್ಲ. ಜೋಡಿ ಜೋಡಿಯಾಗಿ ಎಂಟು ತಂತಿ, ಜೋಡಿ ಒಂದಕ್ಕೊಂದು ಕೂಡಲೇಬೇಕು. ಶುರುವಿನಲ್ಲಿ ಬೆರಳ ತುದಿ ಉರಿಯುತ್ತದೆ. ಯು. ಶ್ರೀನಿವಾಸ್ ಕಛೇರಿ ಕೇಳಿ ಬೆಳೆದವರು ಆ ಗಮಕ ಇಲ್ಲಿ ಹುಡುಕಬೇಡಿ, ಅವರದು ಒಂಟಿ ತಂತಿಗಳ ಎಲೆಕ್ಟ್ರಿಕ್ ವಾದ್ಯ.

ಕೊಳ್ಳುವುದಾದರೆ ಎ-ಮಾದರಿಯದು (ಸುರುಳಿ ಇಲ್ಲದ ಸಾದಾ ಆಕಾರ, ಎ ಶ್ರುತಿಗೂ ಇದಕ್ಕೂ ಸಂಬಂಧವಿಲ್ಲ) ತೆಗೆದುಕೊಳ್ಳಿ. ಎಫ್-ಮಾದರಿಯ ಸುರುಳಿ ನೋಡಲು ಚಂದ, ಆದರೆ ದುಡ್ಡೆಲ್ಲ ಆ ಕೆತ್ತನೆಗೇ ಹೋಗುತ್ತದೆ. ನನ್ನ ಬಜೆಟ್ 600 ಯೂರೊ. ಅಷ್ಟರಲ್ಲಿ ಒಳ್ಳೆಯ ಎ ಸಿಕ್ಕಿತು, ಚೀಲವೂ ಬಂತು. ಸ್ವಂತ ಮನೆ, ಕಾರು ಇದ್ದವರು ರೆಸೊನೇಟರ್ ಬ್ಯಾಂಜೊಗೇ ಹೋಗಿ, ಆದರೆ ದುಡ್ಡು ಕೊಡುವ ಮೊದಲು ಏಳನೇ ಫ್ರೆಟ್ ಹತ್ತಿರ ಮೊಳೆ ಇದೆಯಾ ನೋಡಿ.