ಜಪಾನಿನ ಕಾಡಿನ ಗ್ಲ್ಯಾಂಪಿಂಗ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ ಇದನ್ನು ಓದಿ

ಅಕ್ಟೋಬರ್, ನವೆಂಬರ್‌ನಲ್ಲಿ ಜಪಾನಿನ ಕಾಡಿನೊಳಗೆ ಗ್ಲ್ಯಾಂಪಿಂಗ್, ಅಂದರೆ ಐಷಾರಾಮಿ ಟೆಂಟ್ ಬುಕ್ ಮಾಡುವ ಯೋಚನೆ ಇದೆಯಾ? ಜೊತೆಗೆ ವಯಸ್ಸಾದವರು ಇದ್ದಾರಾ, ಸಸ್ಯಾಹಾರಿಗಳು ಇದ್ದಾರಾ? ಹಾಗಿದ್ದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಪೂರ್ತಿ ಓದಿ. ನಮ್ಮ ಮನೆಯವರಿಗೆ ಆದದ್ದು ಬೇರೆಯವರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಾವಿರುವುದು ಟೋಕಿಯೊದ ನಿಶಿ ಕಸಾಯ್‌ನಲ್ಲಿ. ಇಲ್ಲಿ ಭಾರತೀಯರು ಜಾಸ್ತಿ, ಕನ್ನಡದವರೂ ಇದ್ದಾರೆ. 2025ರ ದೀಪಾವಳಿ ಮುಗಿಸಿಕೊಂಡು ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಗುನ್ಮಾ ಮತ್ತು ನಾಗಾನೊ ಪ್ರಾಂತ್ಯಗಳ ಗಡಿಯಲ್ಲಿ ಅಸಾಮ ಅಂತ 2,568 ಮೀಟರ್ ಎತ್ತರದ ಜ್ವಾಲಾಮುಖಿ ಇದೆ. ಅದರ ಸುತ್ತಲಿನ ಕಾಡಿನಲ್ಲಿ ಲಾರ್ಚ್ ಮರಗಳು ಆ ಹೊತ್ತಿಗೆ ಪೂರ್ತಿ ಹಳದಿಯಾಗುತ್ತವೆ. ಅದನ್ನು ಅವರಿಗೆ ತೋರಿಸಬೇಕು ಅಂತ ಆಸೆ. ಟೋಕಿಯೊದಿಂದ ಆ ಬೆಟ್ಟದ ಬುಡದ ಊರು ಕರುಯಿಜಾವಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷದ ದಾರಿ. ಅಲ್ಲಿಂದ ಮುಂದೆ ಕಾಡಿನ ಒಳಕ್ಕೆ ಹೋಗಬೇಕು. ರೆಸಾರ್ಟಿನ ಹೆಸರು ಹಾಕುವುದಿಲ್ಲ. ಇದೇ ರೀತಿ ನಡೆಯುವ ಜಾಗಗಳು ಹಲವು ಇವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ನೀವು ಇದೇ ಪ್ರಶ್ನೆಗಳನ್ನು ಕೇಳಲೇಬೇಕು.

ಜಪಾನ್ ಅಂದರೆ ಎಲ್ಲ ಪಕ್ಕಾ, ಹೇಳಿದ್ದು ಹೇಳಿದ ಹಾಗೇ ಇರುತ್ತದೆ ಅಂತ ನಮ್ಮವರೆಲ್ಲ ನಂಬುತ್ತೇವೆ. ರೈಲಿನ ವಿಷಯದಲ್ಲಿ ಅದು ನಿಜ. ಆದರೆ ಈ ಟೆಂಟ್ ರೆಸಾರ್ಟುಗಳಲ್ಲಿ ದುಡ್ಡು ಹೋಟೆಲಿನದು, ವ್ಯವಸ್ಥೆ ಕ್ಯಾಂಪಿಂಗ್ ಮೈದಾನದ್ದು. ಫೋಟೊದಲ್ಲಿ ಕಾಣುವುದು ಬಿಳಿ ಗುಮ್ಮಟದಂಥ ಟೆಂಟು, ದೀಪದ ಸರ, ದಪ್ಪ ಹಾಸಿಗೆ ಮಾತ್ರ.

ಮೊದಲು ಊಟದ ವಿಷಯ ಹೇಳುತ್ತೇನೆ. ನನಗೆ ಇವತ್ತಿಗೂ ಸಂಕಟ ಆಗುವುದು ಅದೇ.

ಅಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವಳಲ್ಲ. ಜಪಾನಿನ ಅಡುಗೆಯಲ್ಲಿ ದಾಶಿ ಅಂತ ಒಂದು ರಸ ಇರುತ್ತದೆ. ಕಟ್ಸುವೊ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಅದು ಮರದಷ್ಟು ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದು ನೀರಲ್ಲಿ ಕುದಿಸಿ ಸೋಸುತ್ತಾರೆ. ನಮ್ಮಲ್ಲಿ ಒಗ್ಗರಣೆ ಇಲ್ಲದ ಅಡುಗೆ ಎಷ್ಟು ಅಪರೂಪವೋ ಅಲ್ಲಿ ದಾಶಿ ಇಲ್ಲದ ಅಡುಗೆ ಅಷ್ಟೇ ಅಪರೂಪ. ಮಿಸೊ ಸೂಪು, ನೂಡಲ್ಸಿನ ಸಾರು, ಬೇಯಿಸಿದ ತರಕಾರಿ, ಟೆಂಪುರಾ ಅನ್ನುವ ಬಜ್ಜಿ ಜೊತೆ ಕೊಡುವ ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ ಇರುತ್ತದೆ. ತಟ್ಟೆಯಲ್ಲಿ ಮೀನಿನ ತುಂಡು ಕಾಣುವುದಿಲ್ಲವಲ್ಲ, ಹಾಗಾಗಿ ಅಲ್ಲಿನವರು ಅದನ್ನು ಮೀನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಅದಕ್ಕೇ ಬುಕ್ ಮಾಡುವ ಮುಂಚೆ ಜಪಾನಿ ಭಾಷೆಯಲ್ಲೇ ಮೇಲ್ ಬರೆದಿದ್ದೆ. ಮಾಂಸ, ಮೀನು, ಮೊಟ್ಟೆ ಬೇಡ, ಕಟ್ಸುವೊ ದಾಶಿಯೂ ಬೇಡ, ಕೊಂಬು ಅನ್ನುವ ಕಡಲಪಾಚಿಯಿಂದ ಮಾಡಿದ ದಾಶಿ ಆದರೆ ಆಗುತ್ತದೆ ಅಂತ ಬಿಡಿಸಿ ಬಿಡಿಸಿ ಬರೆದಿದ್ದೆ. ಆಗಲಿ, ಹಾಗೇ ಸಿದ್ಧ ಮಾಡುತ್ತೇವೆ ಅಂತ ಉತ್ತರ ಬಂತು. ಆಮೇಲೆ ದುಡ್ಡು ಕಟ್ಟಿದೆ.

ಸಂಜೆ ಟೆಂಟಿನ ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇತ್ತು. ಇಂಥ ಜಾಗಗಳಲ್ಲಿ ಊಟ ಅಂದರೆ ಹೆಚ್ಚಾಗಿ ಬಾರ್ಬೆಕ್ಯೂ, ನಾವೇ ಸುಟ್ಟುಕೊಂಡು ತಿನ್ನಬೇಕು. ಮುಚ್ಚಳದ ಮೇಲೆ ‘ಸಸ್ಯಾಹಾರ’ ಅಂತ ಚೀಟಿ ಅಂಟಿಸಿದ್ದರು. ಒಳಗೆ ಸಿಹಿಕುಂಬಳದ ಹೋಳು, ಮೆಕ್ಕೆಜೋಳ, ಅಣಬೆ, ಹಸಿರು ಮೆಣಸಿನಕಾಯಿ, ಬೇಯಿಸಿಕೊಳ್ಳಲು ಎಲೆಕೋಸು ಮತ್ತು ತೋಫು, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಸೂಪು. ಸೂಪು ಬಿಸಿ ಮಾಡಿ ತರಕಾರಿ ಹಾಕಿ ಅಮ್ಮನಿಗೆ ಮೊದಲು ಬಡಿಸಿದೆ. ಚಳಿ ಇತ್ತು, ಬಿಸಿಬಿಸಿಯಾಗಿ ಕುಡಿದಳು. ಬಟ್ಟಲು ಅರ್ಧ ಖಾಲಿಯಾದ ಮೇಲೆ ಮೂಗು ಕಿರಿದು ಮಾಡಿ, “ಇದೇನೇ, ಒಂಥರಾ ವಾಸನೆ ಬರ್ತಿದೆ?” ಅಂದಳು. ಕಸದ ಬುಟ್ಟಿಯಿಂದ ಆ ಚೀಲ ಎತ್ತಿ ಮೊಬೈಲ್ ಬೆಳಕಿನಲ್ಲಿ ಹಿಂದಿನ ಸಣ್ಣಕ್ಷರ ಓದಿದೆ. ಉಪ್ಪು, ಸೋಯಾ ಸಾಸ್, ಕಟ್ಸುವೊ ಸಾರ.

ಸಿಬ್ಬಂದಿಯ ಹುಡುಗ ಬಂದ, ಬಗ್ಗಿ ಬಗ್ಗಿ ಕ್ಷಮೆ ಕೇಳಿದ. ಆದರೆ ಅವನು ಹೇಳಿದ ಕಾರಣ ಕೇಳಿ ಸಿಟ್ಟು ಇನ್ನೂ ಹೆಚ್ಚಾಯಿತು. ನನ್ನ ಮೇಲ್‌ನಲ್ಲಿ ಇದ್ದದ್ದನ್ನು ಅವರು ಅಲರ್ಜಿ ಫಾರಂಗೆ ಇಳಿಸಿಕೊಂಡಿದ್ದರಂತೆ. ಜಪಾನಿನಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ಅಲರ್ಜಿ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ, ಸೋಬಾ (ಬಕ್‌ವೀಟ್), ಕಡಲೆಕಾಯಿ, ಅಕ್ರೋಟು ಇವೆಲ್ಲ ಇವೆ. ಕಟ್ಸುವೊ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಫಾರಂನಲ್ಲೂ ಇಲ್ಲ, ಫಾರಂನಲ್ಲಿ ಇಲ್ಲದ್ದು ಅಡುಗೆಯವರಿಗೆ ಗೊತ್ತೇ ಇಲ್ಲ. ಬೇರೆ ಏನಾದರೂ ಮಾಡಿಕೊಡಿ ಅಂದರೆ ಅಲ್ಲಿ ಅಡುಗೆಮನೆಯೇ ಇಲ್ಲ. ಡಬ್ಬಿಗಳು ಬೆಳಿಗ್ಗೆ ಹೊರಗಿನಿಂದ ಬರುತ್ತವೆ. ಇಷ್ಟು ದುಡ್ಡು ತೆಗೆದುಕೊಂಡು, ಆಗಲಿ ಅಂತ ಬರೆದು ಕೊಟ್ಟು, ಒಬ್ಬ ವಯಸ್ಸಾದ ಹೆಂಗಸಿಗೆ ಜೀವಮಾನವಿಡೀ ಮುಟ್ಟದ್ದನ್ನು ಕುಡಿಸಿದರು. “ಗೊತ್ತಿಲ್ದೆ ಆಗಿದ್ದು ಬಿಡೇ, ಆ ಹುಡುಗನ್ನ ಬೈಬೇಡ” ಅಂದಳು ಅಮ್ಮ. ಬರೀ ಅನ್ನಕ್ಕೆ ಊರಿಂದ ತಂದಿದ್ದ ಚಟ್ನಿಪುಡಿ ಕಲಸಿಕೊಂಡಳು, ಅದನ್ನೂ ಪೂರ್ತಿ ತಿನ್ನಲಿಲ್ಲ.

ಸುಡುವ ಜಾಲರಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಹೊಸದಲ್ಲ, ಹಿಂದೆ ಇದ್ದವರು ಮಾಂಸ ಸುಟ್ಟದ್ದೇ. ಅಲ್ಯೂಮಿನಿಯಂ ಹಾಳೆ ನೀವೇ ತೆಗೆದುಕೊಂಡು ಹೋಗಿ.

ಇನ್ನು ರಾತ್ರಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದ ಕಾಡು, ಸಂಜೆ ಐದಕ್ಕೆಲ್ಲ ಕತ್ತಲು. ಆ ತಿಂಗಳಲ್ಲಿ ರಾತ್ರಿ ಚಳಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ‘ಹೀಟಿಂಗ್ ಇದೆ’ ಅಂತ ಜಾಹೀರಾತಿನಲ್ಲಿ ಇತ್ತು. ಇದ್ದದ್ದು ಒಂದು ಗೋಡೆ ಏಸಿ ಮತ್ತು ಒಂದು ಸೀಮೆಎಣ್ಣೆ ಹೀಟರು. ಹೀಟರನ್ನು ಮಲಗುವಾಗ ಆರಿಸಲೇಬೇಕು ಅಂತ ನಿಯಮ, ಅದು ಸರಿಯೇ. ಉಳಿದದ್ದು ಏಸಿ. ಈ ಏಸಿಗಳು ಹೊರಗಿನ ಚಳಿಯಿಂದಲೇ ಶಾಖ ಎಳೆದು ಒಳಗೆ ಬಿಡುತ್ತವೆ. ಹೊರಗಿನ ಯಂತ್ರಕ್ಕೆ ಹಿಮ ಹಿಡಿದಾಗ ಅದನ್ನು ಕರಗಿಸಲು ಆಗಾಗ ನಿಂತುಬಿಡುತ್ತವೆ. ಮನೆಯಲ್ಲಾದರೆ ಗೋಡೆ ಬೆಚ್ಚಗಿರುತ್ತದೆ, ಗೊತ್ತಾಗುವುದಿಲ್ಲ. ತೆಳು ಹಾಳೆಯ ಗುಮ್ಮಟದಲ್ಲಿ ಏಸಿ ನಿಂತ ಕೂಡಲೇ ಚಳಿ ಒಳಗೆ ನುಗ್ಗುತ್ತದೆ. ನಡುರಾತ್ರಿ ನೋಡಿದರೆ ಮೇಜಿನ ಮೇಲಿದ್ದ ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿತ್ತು. ನಮ್ಮ ಉಸಿರಿನ ಹಬೆಯೆಲ್ಲ ಮೇಲಿನ ಹಾಳೆಗೆ ತಾಗಿ ನೀರಾಗಿ, ಬೆಳಗಿನ ಜಾವ ಹಾಸಿಗೆ ಮೇಲೆ ತಟತಟ ಬೀಳತೊಡಗಿತು. ಒಳಪದರ ಇಲ್ಲದ ಗುಮ್ಮಟದಲ್ಲಿ ಇದು ತಪ್ಪಿದ್ದಲ್ಲ.

ಬಾರ್ಬೆಕ್ಯೂ ಕೆಂಡವನ್ನು ಅಗ್ಗಿಷ್ಟಿಕೆ ಹಾಗೆ ಒಳಗೆ ಇಟ್ಟುಕೊಳ್ಳೋಣ ಅಂದರು ಅಪ್ಪ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಮುಚ್ಚಿದ ಟೆಂಟಿನಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

‘ಪ್ರತ್ಯೇಕ ಶೌಚಾಲಯ’ ಅಂತಲೂ ಜಾಹೀರಾತಿನಲ್ಲಿ ಇತ್ತು. ನಮಗೇ ಅಂತ ಪ್ರತ್ಯೇಕವಾಗಿ ಇದ್ದದ್ದು ನಿಜ, ಆದರೆ ಇದ್ದದ್ದು ಟೆಂಟಿನ ಹೊರಗೆ, ಮರದ ಮೆಟ್ಟಿಲು ಇಳಿದು, ಮರಗಳ ನಡುವೆ ನಡೆದು ಹೋಗಬೇಕಾದ ಬೇರೆ ಕೊಠಡಿಯಲ್ಲಿ. ದಾರಿಯ ಪಕ್ಕ ‘ಕರಡಿ ಇದೆ, ಎಚ್ಚರ’ ಅನ್ನುವ ಬೋರ್ಡು. ಬಾಗಿಲ ಹಿಂದೆ ಒಂದು ಗಂಟೆ ನೇತುಹಾಕಿ, ರಾತ್ರಿ ಹೊರಗೆ ಹೋಗುವಾಗ ಆಡಿಸಿಕೊಂಡು ಹೋಗಿ ಅಂತ ಬರೆದಿದ್ದರು.

ಇದು ಸುಮ್ನೆ ಹೆದರಿಸುವ ಬೋರ್ಡಲ್ಲ. 2025ರಲ್ಲಿ ಜಪಾನಿನಲ್ಲಿ ಕರಡಿ ದಾಳಿಗೆ ಹತ್ತಕ್ಕೂ ಹೆಚ್ಚು ಜನ ಸತ್ತರು, ಹಿಂದೆ ಯಾವ ವರ್ಷವೂ ಅಷ್ಟು ಸಾವು ದಾಖಲಾಗಿರಲಿಲ್ಲ. ಅಕಿತಾ ಪ್ರಾಂತ್ಯದಲ್ಲಿ ಬೋನು ಇಡುವ ಕೆಲಸಕ್ಕೆ ಸೇನೆಯ ನೆರವನ್ನೇ ಕೇಳಬೇಕಾಯಿತು. ಚಳಿಗಾಲದ ನಿದ್ದೆಗೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲು ಕರಡಿಗಳು ಹೆಚ್ಚು ಓಡಾಡುವುದು ಶರತ್ಕಾಲದಲ್ಲೇ, ಅಂದರೆ ನಾವು ಬಣ್ಣದ ಎಲೆ ನೋಡಲು ಹೋಗುವ ಕಾಲದಲ್ಲೇ. ಕರುಯಿಜಾವದಲ್ಲಿ ಪಿಕ್ಕಿಯೊ ಅನ್ನುವ ಸಂಸ್ಥೆ ಕರೇಲಿಯನ್ ತಳಿಯ ನಾಯಿಗಳನ್ನು ಪಳಗಿಸಿ, ಊರ ಹತ್ತಿರ ಬರುವ ಕರಡಿಗಳನ್ನು ಕಾಡಿಗೆ ಅಟ್ಟುತ್ತದೆ. ಕರಡಿ ತೆರೆಯಲಾಗದಂಥ ಕಸದ ತೊಟ್ಟಿಗಳನ್ನೂ ಆ ಊರಿನಲ್ಲಿ ಇಟ್ಟಿದ್ದಾರೆ. ಅಷ್ಟು ಜಾಗ್ರತೆ ಇರುವ ಪ್ರದೇಶದಲ್ಲೇ ಈ ರೆಸಾರ್ಟಿನವರು ಏನು ಹೇಳಿದರು ಗೊತ್ತಾ? ಊಟದ ಡಬ್ಬಿ, ಉಳಿದ ಆಹಾರ ಎಲ್ಲ ಟೆಂಟಿನ ಹೊರಗಿನ ಜಗುಲಿಯಲ್ಲೇ ಪೆಟ್ಟಿಗೆಯೊಳಗೆ ಇಟ್ಟು ಮಲಗಿ, ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತೇವೆ! ಪಕ್ಕದ ಟೆಂಟಿನವರ ಜಗುಲಿಯಲ್ಲಿ ಹಂದಿಮಾಂಸದ ತಟ್ಟೆ ಹಾಗೇ ಇತ್ತು. ನಮ್ಮದನ್ನು ನಾನು ಶೌಚಾಲಯದ ಕೊಠಡಿಯೊಳಗಿಟ್ಟು ಬಾಗಿಲು ಹಾಕಿ ಬಂದೆ.

ಎರಡು ಗಂಟೆ ಹೊತ್ತಿಗೆ ಅಪ್ಪ ಎದ್ದರು, ನಮ್ಮವರು ಟಾರ್ಚು ಹಿಡಿದು ಜೊತೆಗೆ ಹೋದರು. ಒದ್ದೆ ಎಲೆ ಬಿದ್ದಿದ್ದ ಮೆಟ್ಟಿಲಲ್ಲಿ ಅಪ್ಪನ ಕಾಲು ಜಾರಿತು. ಮೂಳೆ ಮುರಿಯಲಿಲ್ಲ, ದೇವರ ದಯೆ, ಮುಂಗೈ ಮಾತ್ರ ಊದಿಕೊಂಡಿತು. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಹೋದದ್ದು ಎಲ್ಲೋ ಇರುವ ಕಾಲ್ ಸೆಂಟರಿಗೆ. ರೆಸಾರ್ಟಿನ ಸಿಬ್ಬಂದಿ ರಾತ್ರಿ ಒಂಬತ್ತಕ್ಕೇ ಮನೆಗೆ ಹೋಗಿದ್ದರು! ಜೀವಕ್ಕೆ ಅಪಾಯ ಇದ್ದರೆ ಆಂಬುಲೆನ್ಸ್ ನಂಬರು 119ಕ್ಕೆ ಮಾಡಿ, ಇಲ್ಲದಿದ್ದರೆ ಬೆಳಿಗ್ಗೆ ಬರುತ್ತಾರೆ ಅಂದರು. 2018ರ ಕಾನೂನು ತಿದ್ದುಪಡಿ ಆದ ಮೇಲೆ ಜಪಾನಿನ ವಸತಿಗೃಹಗಳು ಮುಂಬಾಗಿಲಲ್ಲಿ ಜನ ಕೂರಿಸಲೇಬೇಕು ಅಂತಿಲ್ಲ, ಕ್ಯಾಮೆರಾ ಮತ್ತು ಟ್ಯಾಬ್ಲೆಟ್ ಇಟ್ಟರೂ ನಡೆಯುತ್ತದೆ. ಆದರೆ ತುರ್ತು ಬಂದರೆ ಬೇಗ ತಲುಪುವ ವ್ಯವಸ್ಥೆ ಇರಲೇಬೇಕು. ಇಲ್ಲಿ ಬೆಳಗಿನವರೆಗೂ ಯಾರೂ ಬರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಶರತ್ಕಾಲದಲ್ಲಿ ಕಾಮೆಮುಶಿ ಅನ್ನುವ ಗಬ್ಬುವಾಸನೆಯ ಹುಳು ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಬರುತ್ತದೆ. ಕೈಯಲ್ಲಿ ಹೊಡೆಯಬೇಡಿ, ವಾಸನೆ ಹೋಗುವುದಿಲ್ಲ. ಕಂಬಕ್ಕೆ ಒಂದು ಅಗಲವಾದ ಟೇಪಿನ ಸುರುಳಿ ನೇತುಹಾಕಿರುತ್ತಾರೆ, ಅದು ಈ ಹುಳುವನ್ನು ಅಂಟಿಸಿ ಮಡಚಿ ಬಿಸಾಡುವುದಕ್ಕೆ.

ಬೆಳಿಗ್ಗೆ ಹೊರಟುಬಿಟ್ಟೆವು. ಮುಂದಿನ ರಾತ್ರಿಗೂ ಕಟ್ಟಿದ್ದ ದುಡ್ಡನ್ನು ವಾಪಸು ಕೇಳಿದರೆ, ನಿಮ್ಮ ಅನುಕೂಲಕ್ಕೆ ಹೋಗುತ್ತಿದ್ದೀರಿ, ಅದೇ ದಿನ ರದ್ದು ಮಾಡಿದರೆ ನೂರಕ್ಕೆ ನೂರು ಶುಲ್ಕ ಅಂದರು. ಇಲ್ಲಿ ದರ ಬಹಳ ಕಡೆ ಕೋಣೆಗಲ್ಲ, ತಲೆಗೆ. ದೊಡ್ಡದಾಗಿ ಕಾಣುವ ಅಂಕಿಯನ್ನು ಜನರ ಸಂಖ್ಯೆಯಿಂದ ಗುಣಿಸಿ ನೋಡಿ. ಸೌದೆ, ಇದ್ದಿಲಿಗೆ ಬೇರೆ ಕೊಡಬೇಕಾಯಿತು. ಆನ್‌ಲೈನಿನಲ್ಲಿ ನಾವೇ ಮಾಡಿದ ಬುಕಿಂಗಿಗೆ ಕೂಲಿಂಗ್ ಆಫ್, ಅಂದರೆ ಇಂತಿಷ್ಟು ದಿನದೊಳಗೆ ಶುಲ್ಕವಿಲ್ಲದೆ ರದ್ದು ಮಾಡಲು ಬಿಡುವ ಕಾನೂನು, ಅನ್ವಯಿಸುವುದಿಲ್ಲ, ಅವರು ತಮ್ಮ ನಿಯಮಗಳಲ್ಲಿ ಬರೆದದ್ದೇ ಲೆಕ್ಕ. ಅಪ್ಪನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಜಪಾನಿನ ಆರೋಗ್ಯ ವಿಮೆ ಇರುವುದಿಲ್ಲ, ಪೂರ್ತಿ ಬಿಲ್ಲು ನಮ್ಮದೇ. ಊರಿಂದ ಬರುವಾಗಲೇ ಪ್ರಯಾಣ ವಿಮೆ ಮಾಡಿಸಿದ್ದು ಒಳ್ಳೆಯದಾಯಿತು. ನೀವೂ ತಪ್ಪದೆ ಮಾಡಿಸಿ.

ಟೋಕಿಯೊಗೆ ಬಂದು 188ಕ್ಕೆ ಫೋನ್ ಮಾಡಿದೆ. ಅದು ಜಪಾನಿನ ಗ್ರಾಹಕ ಸಹಾಯವಾಣಿ, ನಿಮ್ಮ ಪ್ರದೇಶದ ಗ್ರಾಹಕ ಕೇಂದ್ರಕ್ಕೆ ಜೋಡಿಸುತ್ತಾರೆ. ಪ್ರವಾಸಿಗರಿಗೆ ಅಂತಲೇ ಇಂಗ್ಲಿಷಿನಲ್ಲಿ ಮಾತಾಡುವ ಬೇರೆ ಸಹಾಯವಾಣಿ ಕೂಡ ಇದೆ. ಕೇಂದ್ರದ ಹೆಂಗಸು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, ದಾಶಿ ಬಗ್ಗೆ ಬಂದ ಮೇಲ್ ಮತ್ತು ಸೂಪಿನ ಚೀಲದ ಫೋಟೊ ತರಿಸಿಕೊಂಡು ರೆಸಾರ್ಟಿನವರ ಜೊತೆ ಮಾತಾಡಿದರು. ಊಟದ ದುಡ್ಡು ವಾಪಸು ಬಂತು. ಉಳಿದದ್ದು ಬರಲಿಲ್ಲ. ಬರವಣಿಗೆಯಲ್ಲಿ ಇದ್ದದ್ದಕ್ಕೆ ಮಾತ್ರ ಬೆಲೆ ಸಿಕ್ಕಿತು. ಹಾಗಾಗಿ ಫೋನಿನಲ್ಲಿ ಏನೂ ಒಪ್ಪಿಕೊಳ್ಳಬೇಡಿ, ಎಲ್ಲ ಮೇಲ್‌ನಲ್ಲೇ ಕೇಳಿ.

ಅಪ್ಪ ಅಮ್ಮನಿಗೆ ಈ ಕಾಡು ತೋರಿಸಬೇಕು ಅಂದರೆ ಕರುಯಿಜಾವ ನಿಲ್ದಾಣದ ಹತ್ತಿರ ಗಟ್ಟಿ ಗೋಡೆಯ ಹೋಟೆಲಿನಲ್ಲಿ ಉಳಿಯಿರಿ. ಹಗಲು ಬಸ್ಸಿನಲ್ಲಿ ಶಿರಾಯ್ತೊ ಜಲಪಾತಕ್ಕೆ ಹೋಗಿ ಎಲೆ ನೋಡಿ, ಕತ್ತಲಾಗುವ ಮುಂಚೆ ವಾಪಸು ಬನ್ನಿ. ಕಾಡಿನ ನಡುವೆ ರಾತ್ರಿಯೂ ಇರಬೇಕು, ಶುದ್ಧ ಸಸ್ಯಾಹಾರವೂ ಬೇಕು ಅಂದರೆ ವಾಕಾಯಾಮಾದ ಕೋಯಾಸಾನ್‌ನ ಬೌದ್ಧ ದೇವಸ್ಥಾನಗಳಲ್ಲಿ ಉಳಿಯಬಹುದು. ಅಲ್ಲಿ ಬಡಿಸುವ ಶೋಜಿನ್ ರ‍್ಯೋರಿ ಮಾಂಸ, ಮೀನು ಇಲ್ಲದ ಊಟ.

ಈಗಾಗಲೇ ಬುಕ್ ಮಾಡಿದ್ದರೆ, ರದ್ದತಿ ಶುಲ್ಕ ಯಾವ ದಿನದಿಂದ ಶುರು ಅಂತ ಇವತ್ತೇ ನೋಡಿ. ನಮ್ಮ ರೆಸಾರ್ಟಿನಲ್ಲಿ ಅದು ಏಳು ದಿನ ಮುಂಚೆಯೇ ಶುರುವಾಗುತ್ತಿತ್ತು. ಆ ದಿನಕ್ಕೆ ಮುಂಚೆ ಮೇಲ್ ಮಾಡಿ. ಶೌಚಾಲಯ ಟೆಂಟಿನ ಒಳಗೇ ಇದೆಯಾ? ರಾತ್ರಿಯಿಡೀ ಸಿಬ್ಬಂದಿ ಅಲ್ಲೇ ಇರುತ್ತಾರಾ? ಮಲಗಿದ ಮೇಲೂ ಉರಿಯುವ ಹೀಟರ್ ಯಾವುದು? ಸೂಪಿನ ಚೀಲದ ಹಿಂಭಾಗದ ಫೋಟೊ ಕಳಿಸುತ್ತೀರಾ? ಉಳಿದ ಊಟ ರಾತ್ರಿ ಎಲ್ಲಿಡಬೇಕು? ಇವುಗಳಲ್ಲಿ ಒಂದಕ್ಕೆ ನೇರ ಉತ್ತರ ಬರದಿದ್ದರೂ ರದ್ದು ಮಾಡಿಬಿಡಿ.