ಲಿಫ್ಟ್ ನಿಲ್ಲದ ಮಹಡಿಯಲ್ಲಿ ಎರಡು ವರ್ಷ: ವಾಟರ್ಸನ್ ಟವರ್ಸ್

5ಕ್ಕೆ 4 ಸ್ಟಾರ್. ಈ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದು ಬಂದವನ ಲೆಕ್ಕ ಇದು.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಾರ್ಮಲ್ ಅಂತ ಒಂದು ಊರಿದೆ. ನಗಬೇಡಿ, ಮೇಷ್ಟ್ರುಗಳನ್ನು ತಯಾರು ಮಾಡುವ ನಾರ್ಮಲ್ ಸ್ಕೂಲಿನಿಂದ ಬಂದ ಹೆಸರದು. ನಮ್ಮ ಮೈಸೂರಿನಲ್ಲೂ ಹಿಂದೆ ಹಾಗೇ ಅನ್ನುತ್ತಿದ್ದರು, ಅಲ್ವಾ? 1857ರ ಆ ಸ್ಕೂಲೇ ಈಗ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ.

ವಾಟರ್ಸನ್ ಅದರ ಹಾಸ್ಟೆಲ್. ಜೋಡಿ ಗೋಪುರ, 28 ಅಂತಸ್ತು, ಸುಮಾರು 90 ಮೀಟರ್ ಎತ್ತರ, 2,200ಕ್ಕೂ ಜಾಸ್ತಿ ಮಕ್ಕಳು. 1960ರ ದಶಕದಲ್ಲಿ ಕಾಲೇಜಿಗೆ ಬರುವವರು ಹೆಚ್ಚುತ್ತಲೇ ಹೋದಾಗ ಕಟ್ಟಿದ್ದು. ಸುತ್ತ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳದ ಹೊಲ, ಒಂದು ಗುಡ್ಡ ಇಲ್ಲ. ಇಟ್ಟಿರುವುದು ಮಾತ್ರ ಭೂಗೋಳದ ಪ್ರೊಫೆಸರ್ ಆರ್ಥರ್ ವಾಟರ್ಸನ್ ಹೆಸರು!

ಇದರ ಲಿಫ್ಟ್ ವಿಷಯ ಹೇಳಲೇಬೇಕು. ಒಂದೊಂದು ಗೋಪುರದಲ್ಲಿ ಐದು 'ಹೌಸ್', ಒಂದೊಂದು ಹೌಸಿಗೆ ಐದು ಮಹಡಿ. ಲಿಫ್ಟ್ ನಿಲ್ಲುವುದು ನಡುವಿನ ಮಹಡಿಯಲ್ಲಿ ಮಾತ್ರ. ಉಳಿದವರು ಅಲ್ಲಿಂದ ಮೆಟ್ಟಿಲು ಹತ್ತಬೇಕು, ಇಲ್ಲಾ ಇಳಿಯಬೇಕು. ಹತ್ತು ಹೌಸಿಗೂ ಮೊದಲು ಇಟ್ಟಿದ್ದು ಜೆಫರ್ಸನ್, ಮ್ಯಾಡಿಸನ್, ಮನ್ರೋ ಥರದ ಹಳೇ ವಿದೇಶಾಂಗ ಮಂತ್ರಿಗಳ ಹೆಸರು.

ನನ್ನ ರೂಮು ಲಿಫ್ಟ್ ನಿಲ್ಲುವ ಮಹಡಿಗಿಂತ ಎರಡು ಮಹಡಿ ಮೇಲೆ. ಮೊದಲ ದಿನ 23 ಕಿಲೋದ ಎರಡು ಸೂಟ್‌ಕೇಸ್. ಒಂದರ ಹಿಡಿಯನ್ನು ವಿಮಾನದವರು ಮುರಿದಿದ್ದರು. ತಬ್ಬಿಕೊಂಡು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಜಿಪ್ ಬಿಟ್ಟುಕೊಂಡು ಅಮ್ಮನ ಚಟ್ನಿಪುಡಿ ಘಮ್ ಅಂತ ಹರಡಿತು. ಕೆಳಗಿನಿಂದ ಬರುತ್ತಿದ್ದ ಹುಡುಗನೊಬ್ಬ ಸೀನುತ್ತಲೇ ಇನ್ನೊಂದು ತುದಿ ಹಿಡಿದ. ಯಾರು, ಯಾವೂರು, ಒಂದೂ ಕೇಳಲಿಲ್ಲ. ಆಮೇಲೆ ಎರಡು ವರ್ಷವೂ ಊಟಕ್ಕೆ ಜೊತೆ ಅವನೇ.

ಎಲ್ಲಾ ಮಹಡಿಯಲ್ಲೂ ಲಿಫ್ಟ್ ನಿಂತಿದ್ದರೆ ಅವನು ಸಿಗುತ್ತಿರಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷವಾಯಿತು, ಎದುರು ಬಾಗಿಲಿನವರ ಹೆಸರು ಇನ್ನೂ ಗೊತ್ತಿಲ್ಲ. ಅಲ್ಲಿ ಐದು ಮಹಡಿಯದ್ದೇ ಒಂದು ಓಣಿ ಆಗಿತ್ತು.

ರೂಮು ಚಿಕ್ಕದು, ಹಾಸ್ಟೆಲ್ ರೂಮು ಇನ್ನೆಷ್ಟಿರುತ್ತೆ. ಕಿಟಕಿ ಮಾತ್ರ ಲಾಭ. ಷಿಕಾಗೋ–ಸೇಂಟ್ ಲೂಯಿಸ್ ರೈಲು ಆಟದ ಸಾಮಾನಿನಷ್ಟೇ ಕಾಣುತ್ತಿತ್ತು.

ಮೆಟ್ಟಿಲು ಎಲ್ಲರಿಗೂ ಆಗಿಬರಲ್ಲ, ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ. ಮಂಡಿನೋವು ಇದ್ದವರು ಲಿಫ್ಟ್ ನಿಲ್ಲುವ ಮಹಡಿಯನ್ನೇ ಕೇಳಿ ನೋಡಿ. ಚಟ್ನಿಪುಡಿಯನ್ನು ಡಬ್ಬಿಯಲ್ಲೇ ಒಯ್ಯಿರಿ.