ತತ್ವಶಾಸ್ತ್ರಕ್ಕೆ ಮೊದಲ ಪುಸ್ತಕ: ಸೋಫಿಯೋ, ರಸೆಲ್ಲೋ?

ತತ್ವಶಾಸ್ತ್ರ ಓದಲು ಯಾವ ಪುಸ್ತಕದಿಂದ ಶುರುಮಾಡಲಿ ಎಂದು ಶಿರಸಿ, ಕಾರವಾರದ ಕಾಲೇಜು ಹುಡುಗರು ಕೇಳಿದಾಗಲೆಲ್ಲ ನಾನು ಹೇಳುವುದು ಎರಡೇ ಹೆಸರು.

ಯೊಸ್ಟೈನ್ ಗಾರ್ಡರ್ ಅವರ ‘ಸೋಫೀಸ್ ವರ್ಲ್ಡ್’ (1991) ಕಾದಂಬರಿ. ಹದಿನಾಲ್ಕರ ಹುಡುಗಿಗೆ ‘ನೀನು ಯಾರು?’ ಎಂಬ ಚೀಟಿ ಬರುತ್ತದೆ. ಅಲ್ಲಿಂದ ಗ್ರೀಕರ ಕಾಲದಿಂದ ಇಪ್ಪತ್ತನೇ ಶತಮಾನದ ಫ್ರೆಂಚ್ ಚಿಂತಕ ಸಾರ್ತ್ರ್‌ವರೆಗೆ ಓಟ. ಕಥೆ ಹಿಡಿದಿಡುತ್ತದೆ. ಆದರೆ ಪುಸ್ತಕ ದಪ್ಪ, ಒಬ್ಬೊಬ್ಬರ ವಾದವೂ ಬೇಗ ಮುಗಿದುಹೋಗುತ್ತದೆ.

ಬರ್ಟ್ರಂಡ್ ರಸೆಲ್‌ರ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ (1912) ತೆಳ್ಳಗಿದ್ದರೂ ನಿಧಾನಕ್ಕೆ ಓದಬೇಕಾದದ್ದು. ಬೆಳಕು ಬದಲಾದಂತೆ ಮೇಜಿನ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಹಾಗಾದರೆ ಅದರ ನಿಜವಾದ ಬಣ್ಣ ಯಾವುದು? ಇಷ್ಟರಿಂದ ಶುರು. ಇದೇ ಪ್ರಶ್ನೆಯನ್ನು ಕಾರವಾರದ ಕಡಲಿಗೆ ಕೇಳಿ ನೋಡಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದು ಪ್ರಶ್ನೆಯನ್ನು ಬಿಡದೆ ಬೆನ್ನಟ್ಟುವುದನ್ನು ಈ ಪುಸ್ತಕ ಕಲಿಸುತ್ತದೆ, ನನಗೆ ಇದೇ ಹೆಚ್ಚು ಪ್ರೀತಿ.

ತಾಳಮದ್ದಲೆಯಲ್ಲಿ ಅರ್ಥಧಾರಿಗಳ ವಾದ-ಪ್ರತಿವಾದಕ್ಕಾಗಿ ನಿದ್ದೆಗೆಡುವವರು ರಸೆಲ್ ಹಿಡಿಯಲಿ. ಪ್ರಸಂಗದ ಕಥೆಯೇ ಮುಖ್ಯ ಎನ್ನುವವರಿಗೆ ಸೋಫಿ.

ಎರಡರಲ್ಲೂ ಭಾರತದ ದರ್ಶನಗಳಿಗೆ ಜಾಗ ತೀರಾ ಕಡಿಮೆ. ಅದಕ್ಕೆ ಎಂ. ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ (1932) ಬೇಕೇ ಬೇಕು; ಆದರೆ ಅದನ್ನು ಎರಡನೆಯ ಪುಸ್ತಕವಾಗಿ ಓದಿ.